ಅರ್ಧ ಕಟ್ಟಿದ ವಿಮಾನ

ಒಬ್ಬರು ಕೈಬಿಟ್ಟ ಕೆಲಸವನ್ನು ಮತ್ತೊಬ್ಬರು ಎತ್ತಿಕೊಂಡು ಮುಗಿಸುವುದು ಎಷ್ಟು ಕಷ್ಟವೆಂಬುದನ್ನು ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಬಾಣಭಟ್ಟನ 'ಕಾದಂಬರಿ' ನಡುವೆಯೇ ನಿಂತಿತು. ಉತ್ತರಭಾಗವನ್ನು ಅವನ ಮಗ ಬರೆದು ಪೂರೈಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಹೇಳಿ ಮುಗಿಸಿದ. ಕನ್ನಡದಲ್ಲಿ ಆಗ ಬೇರೆ ಛಂದಸ್ಸುಗಳಿಗೇನೂ ಬರವಿರಲಿಲ್ಲ. ಆದರೂ ತಿಮ್ಮಣ್ಣ ಹಿಂದಿನವನ ಭಾಮಿನಿ ಷಟ್ಪದಿಯನ್ನೇ ಹಿಡಿದು ನಡೆದ. ಅವನು ಕುಮಾರವ್ಯಾಸನ ಎತ್ತರಕ್ಕೆ ಏರಿದನೇ ಎಂಬುದು ಬೇರೆ ಮಾತು. ಮುಗಿಸುವವನ ಮೊದಲ ಧರ್ಮ ಯಾವುದೆಂಬುದನ್ನು ಅವನು ಅರಿತಿದ್ದನೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇಷ್ಟು ಪೀಠಿಕೆ ಹಾಕಿ ನಾನು ಹೇಳಹೊರಟಿರುವುದು ಮಾತ್ರ ಕಾವ್ಯದ ವಿಷಯವಲ್ಲ, ಆಟದ ವಿಮಾನದ ವಿಷಯ. ಓದುಗರು ಮನ್ನಿಸಬೇಕು. ಅಮೆರಿಕ, ಇಂಗ್ಲೆಂಡುಗಳ ಹಳೆಯ ಮನೆಗಳಲ್ಲಿ ಅಟ್ಟವನ್ನು ಗುಡಿಸುವಾಗ ಉದ್ದನೆಯ ರಟ್ಟಿನ ಪೆಟ್ಟಿಗೆಗಳು ಸಿಗುವುದುಂಟು. ಮುಚ್ಚಳದ ಮೇಲೆ ನೀಲಿ ಆಕಾಶದಲ್ಲಿ ಹಾರುವ ಕೆಂಪು ವಿಮಾನದ ಚಿತ್ರ. ಒಳಗೆ ಮಡಿಸಿದ ನಕ್ಷೆ, ಹಗುರವಾದ ಮರದ ಹಲಗೆಗಳು, ತಂತಿ, ಒಂದೆರಡು ಗಾಲಿ. ಕಟ್ಟಲು ತೊಡಗಿದವನು ಒಂದು ರೆಕ್ಕೆಯನ್ನು ಮುಗಿಸಿದ್ದಾನೆ. ಇನ್ನೊಂದರ ಪಕ್ಕೆಲುಬುಗಳು ಹಲಗೆಯಿಂದ ಬಿಡಿಸದೆ ಹಾಗೆಯೇ ಇವೆ. ಅರ್ಧ ಶತಮಾನಕ್ಕೂ ಮಿಕ್ಕಿ ಮಲಗಿದ್ದ ಇಂಥ ಪೆಟ್ಟಿಗೆಗಳನ್ನು ಹುಡುಕಿ ತಂದು, ಕಟ್ಟಿ, ನಿಸ್ತಂತು ಯಂತ್ರವಿಟ್ಟು ಹಾರಿಸುವವರು ಇಂದು ಆ ದೇಶಗಳಲ್ಲಿ ಹಲವರಿದ್ದಾರೆ. ಇದು ನಿವೃತ್ತರ ಕಾಲಹರಣವೆಂದು ನಗುವವರು ನಗಲಿ. ಪೆಟ್ಟಿಗೆಯ ಒಳಗಿರುವುದು ಒಂದು ಯುಗದ ಚರಿತ್ರೆ.

ವಿಮಾನದ ಚರಿತ್ರೆ ಶುರುವಾಗುವುದೇ ಆಟಿಕೆಯಿಂದ. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣ, ತಿರುಚಿದ ರಬ್ಬರಿನ ಬಲದಿಂದ ಓಡುವ ಒಂದು ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದ. ಅದು 11 ಸೆಕೆಂಡು ಗಾಳಿಯಲ್ಲಿದ್ದು ಸುಮಾರು 40 ಮೀಟರು ಸಾಗಿತು. ಬಾಲವಿದ್ದ ಆ ವಿಮಾನ ಯಾರೂ ನಡೆಸದೆ ತಾನೇ ಸಮತೋಲ ಕಾಯ್ದುಕೊಂಡಿತು; ಅದೇ ಅದರ ಹೆಚ್ಚುಗಾರಿಕೆ. 1876ರಲ್ಲಿ ಪೆನೋ ಮನುಷ್ಯರನ್ನು ಹೊತ್ತು ಹಾರುವ ದೊಡ್ಡ ವಿಮಾನಕ್ಕೆ ನಕ್ಷೆ ಬರೆದು ಹಕ್ಕುಪತ್ರ ಪಡೆದ. ಕಟ್ಟಲು ಹಣ ಕೊಡುವವರು ಯಾರೂ ಸಿಗಲಿಲ್ಲ. 1880ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆತ ಆತ್ಮಹತ್ಯೆ ಮಾಡಿಕೊಂಡ. ಅದಕ್ಕೆ ಎರಡು ವರ್ಷ ಮುಂಚೆ, ಅಂದರೆ 1878ರಲ್ಲಿ, ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಮಕ್ಕಳಿಗೆ ಪೆನೋವಿನ ಕಲ್ಪನೆಯ ರಬ್ಬರು ಆಟಿಕೆಯೊಂದನ್ನು ತಂದುಕೊಟ್ಟಿದ್ದರು. ಮಕ್ಕಳು ಅದು ಮುರಿಯುವವರೆಗೆ ಆಡಿ, ಆಮೇಲೆ ತಾವೇ ಅಂಥವನ್ನು ಮಾಡಿಕೊಂಡರು. ಆ ಮಕ್ಕಳೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ಪೆನೋ ಅರ್ಧಕ್ಕೆ ಬಿಟ್ಟುಹೋದದ್ದನ್ನು ಮುಗಿಸಿದವರು ಇವರೇ ಎಂದರೆ ಉತ್ಪ್ರೇಕ್ಷೆಯಾಗದು.

1930ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ವಿಮಾನದ ಕಿಟ್ಟುಗಳ ವ್ಯಾಪಾರ ಬೆಳೆದು ನಿಂತಿತ್ತು. ಇದಕ್ಕೆ ದೊಡ್ಡ ಆಧಾರವಾದದ್ದು ಈಕ್ವೆಡಾರಿನ ಬಾಲ್ಸಾ ಮರ. ಸ್ಪ್ಯಾನಿಷ್ ಭಾಷೆಯಲ್ಲಿ 'ಬಾಲ್ಸಾ' ಎಂದರೆ ತೆಪ್ಪ. 1947ರಲ್ಲಿ ಥಾರ್ ಹೈಯರ್ಡಾಲ್ ಶಾಂತಸಾಗರವನ್ನು ದಾಟಿದ 'ಕಾನ್‌ಟಿಕಿ' ತೆಪ್ಪ ಇದೇ ಮರದ್ದು. ನಮ್ಮ ಬೆಂಡಿನಷ್ಟು ಹಗುರವೆನ್ನಿಸಿದರೂ ತೂಕಕ್ಕೆ ಹೋಲಿಸಿದರೆ ಅದರ ಬಲ ಬಹಳ. ಸಣ್ಣ ಚಾಕುವಿನಿಂದ ಹುಡುಗರೂ ಕತ್ತರಿಸಬಲ್ಲರು. ಆಗ 'ಬ್ರೌನ್ ಜೂನಿಯರ್' ಎಂಬ ಪುಟ್ಟ ಪೆಟ್ರೋಲ್ ಎಂಜಿನ್ನು ಬಂದಿತು. ಆದರೆ ಕೈಯಿಂದ ಬಿಟ್ಟ ವಿಮಾನ ಗಾಳಿಯ ಪಾಲು. ಒಡೆಯ ಹೊಲಗದ್ದೆಗಳನ್ನು ದಾಟಿಕೊಂಡು ಅದರ ಹಿಂದೆ ಓಡಬೇಕು. ಹಾರಿಹೋದ ವಿಮಾನವನ್ನು ನೆಲದಿಂದಲೇ ಕರೆಯುವುದು ಹೇಗೆ?

ಮಿಶಿಗನ್ ಸಂಸ್ಥಾನದ ಕಾಲಮಜೂ ಪಟ್ಟಣದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ ಇದಕ್ಕೆ ಉತ್ತರ ಕಂಡರು. ವಾಲ್ಟರನಿಗೆ ವಿಮಾನ ಕಟ್ಟುವ ಹುಚ್ಚು, ವಿಲಿಯಮನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಎರಡು ಹುಚ್ಚುಗಳೂ ಒಂದೇ ಮನೆಯಲ್ಲಿ ಕೂಡಿದ್ದು ಲೋಕದ ಭಾಗ್ಯ. ಎಂಟು ಅಡಿ ರೆಕ್ಕೆಯ 'ಗಫ್' ಎಂಬ ವಿಮಾನಕ್ಕೆ 1937ರಲ್ಲಿ ಅವರು ರೇಡಿಯೋ ಅಳವಡಿಸಿದರು. ಅದೇ ವರ್ಷ ಡಿಟ್ರಾಯಿಟ್ಟಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ರೇಡಿಯೋ ವಿಮಾನಗಳಿಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಗೆದ್ದವನು ಚೆಸ್ಟರ್ ಲ್ಯಾಂಜೋ. ಮರುವರ್ಷದಿಂದ ಗಫ್‌ನ ಕಾಲ. 'ಗಫ್' ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆ ಕಾಲದ ಸಾಧನವನ್ನು ಕೊಂಚ ವಿವರಿಸದೆ ಮುಂದಿನ ಮಾತು ತಿಳಿಯದು. ನೆಲದ ಮೇಲಿನವನ ಬಳಿ ಇದ್ದುದು ಒಂದೇ ಒಂದು ಗುಂಡಿ. ಒತ್ತಿದರೆ ಅಲೆ ಹೊರಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ವಿಮಾನದೊಳಗಿನ ವಾಲ್ವು ಅಲೆಯನ್ನು ಹಿಡಿದು ಒಂದು ವಿದ್ಯುದಯಸ್ಕಾಂತವನ್ನು ಎಳೆಯುತ್ತದೆ. ಅಲ್ಲಿ ಗಡಿಯಾರದಲ್ಲಿರುವಂಥ ಕೊಕ್ಕೆಯೊಂದಿದೆ. ಅದಕ್ಕೆ 'ಎಸ್ಕೇಪ್‌ಮೆಂಟ್' ಎಂದು ಹೆಸರು. ತಿರುಚಿಟ್ಟ ರಬ್ಬರ್ ಪಟ್ಟಿ ಆ ಕೊಕ್ಕೆಯನ್ನು ತಿರುಗಿಸಲು ಕಾಯುತ್ತಿರುತ್ತದೆ. ಗುಂಡಿ ಒತ್ತಿ ಹಿಡಿದರೆ ಚುಕ್ಕಾಣಿ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಹಿಂದಿನ ಸಲ ಯಾವ ಕಡೆಗೆ ತಿರುಗಿಸಿದೆವೆಂಬುದನ್ನು ಮರೆತರೆ ಮುಗಿಯಿತು. ಬಲಕ್ಕೆ ಬೇಕಾದಾಗ ವಿಮಾನ ಎಡಕ್ಕೆ ತಿರುಗಿ ಮರಕ್ಕೆ ಬಡಿಯುತ್ತದೆ. ರಬ್ಬರಿನ ಸುತ್ತು ತೀರಿದರೂ ಅದೇ ಗತಿ. ಪೆನೋವಿನ ರಬ್ಬರು ಎಪ್ಪತ್ತು ವರ್ಷಗಳ ಮೇಲೂ ಚಾಕರಿ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಮಹಾಯುದ್ಧ ಈ ಆಟಿಕೆಯನ್ನೂ ಬಿಡಲಿಲ್ಲ. ಇಂಗ್ಲೆಂಡಿನಿಂದ ಹಾಲಿವುಡ್ಡಿಗೆ ಬಂದ ನಟ ರೆಜಿನಾಲ್ಡ್ ಡೆನ್ನಿ 1934ರಲ್ಲಿ ಅಲ್ಲಿ ಮಾದರಿ ವಿಮಾನಗಳ ಅಂಗಡಿ ತೆರೆದಿದ್ದ. ಅವನ 'ರೇಡಿಯೋಪ್ಲೇನ್' ಕಂಪನಿ ಫಿರಂಗಿಯವರ ಗುರಿ ಅಭ್ಯಾಸಕ್ಕಾಗಿ ಯುದ್ಧಕಾಲದಲ್ಲಿ 15,000ಕ್ಕೆ ಹತ್ತಿರ ಪೈಲಟ್ಟಿಲ್ಲದ ವಿಮಾನಗಳನ್ನು ಮಾಡಿಕೊಟ್ಟಿತು. ಯುದ್ಧದ ಕೊನೆಯ ದಿನಗಳಲ್ಲಿ ಆ ಕಾರ್ಖಾನೆಯಲ್ಲಿ ಸೈನ್ಯದ ಛಾಯಾಗ್ರಾಹಕನೊಬ್ಬ ನಾರ್ಮಾ ಜೀನ್ ಎಂಬ ಕೆಲಸದ ಹುಡುಗಿಯ ಚಿತ್ರ ತೆಗೆದ. ಲೋಕ ಅವಳನ್ನು ಮುಂದೆ ಮರಿಲಿನ್ ಮನ್ರೋ ಎಂದು ಕರೆಯಿತು. ಬಾಲ್ಸಾ ಮರವೆಲ್ಲ ಯುದ್ಧದ ಕೆಲಸಕ್ಕೆ ಹೋದದ್ದರಿಂದ ಹುಡುಗರ ಪೆಟ್ಟಿಗೆಗಳಲ್ಲಿ ಪೈನ್ ಮರ, ರಟ್ಟು ತುಂಬಿದವು. ಪೆಟ್ಟಿಗೆ ಬಿಚ್ಚಿ ರಟ್ಟಿನ ಪಕ್ಕೆಲುಬು ಕಂಡರೆ ಅದು ಯುದ್ಧಕಾಲದ್ದೆಂದು ಊಹಿಸಬಹುದು. ಶಾಸನದ ಲಿಪಿ ನೋಡಿ ಶತಮಾನ ಹೇಳುವಂತೆ.

ಎಸ್ಕೇಪ್‌ಮೆಂಟಿನ ಮೇಲೆ 'ರೀಡ್' ಬಂದಿತು. ಹಾರ್ಮೋನಿಯಂ ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಉದ್ದ ಬೇರೆ ಬೇರೆಯಾದ ಉಕ್ಕಿನ ನಾಲಗೆಗಳು ಒಂದು ಸಾಲಿನಲ್ಲಿವೆ; ನೆಲದಿಂದ ಹೋದ ಸ್ವರಕ್ಕೆ ಯಾವ ನಾಲಗೆ ಹೊಂದುತ್ತದೆಯೋ ಅದು ಮಾತ್ರ ಕಂಪಿಸಿ, ತನ್ನ ಪಾಲಿನ ಯಂತ್ರವನ್ನು ಎಬ್ಬಿಸುತ್ತದೆ. ಹತ್ತು ಸ್ವರಗಳಿದ್ದರೆ ಚುಕ್ಕಾಣಿ, ಬಾಲ, ರೆಕ್ಕೆಯಂಚು, ಎಂಜಿನ್ನು ಎಲ್ಲವನ್ನೂ ಆಳಬಹುದು. ರೇಡಿಯೋ ವಿಮಾನಗಳ ಮೊದಲ ವಿಶ್ವ ಸ್ಪರ್ಧೆ 1960ರಲ್ಲಿ ಸ್ವಿಟ್ಜರ್ಲೆಂಡಿನ ಡ್ಯೂಬೆಂಡಾರ್ಫಿನಲ್ಲಿ ನಡೆದಾಗ ಎಡ್ ಕಾಜ್ಮಿರ್ಸ್ಕಿ 'ಓರಾಯನ್' ಎಂಬ ವಿಮಾನದಿಂದ ಗೆದ್ದದ್ದು ಇದೇ ರೀಡಿನ ಬಲದಿಂದ. ಅವನ ಮುಂದಿನ ವಿಮಾನ 'ಟಾರಸ್'. ಆರಡಿಗೆ ಹತ್ತಿರದ ರೆಕ್ಕೆ. ಟಾಪ್‌ಫ್ಲೈಟ್ ಕಂಪನಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಚಾಂಪಿಯನ್ನನ ವಿಮಾನವನ್ನು ಊಟದ ಮೇಜಿನ ಮೇಲೆ ಕಟ್ಟಬಹುದೆಂದರೆ ಯಾರಿಗೆ ಆಸೆಯಾಗದು?

ಹಾಗಾದರೆ ಇಷ್ಟೊಂದು ಪೆಟ್ಟಿಗೆಗಳು ಅರ್ಧಕ್ಕೆ ನಿಂತದ್ದೇಕೆ? ಸೋಮಾರಿತನವೆಂದು ಹೇಳಿಬಿಡುವುದು ಸುಲಭ. ಮದುವೆ, ಕೆಲಸ, ಸೈನ್ಯದ ಕರೆ ಇವೂ ಕಾರಣಗಳೇ. ನನ್ನ ದೃಷ್ಟಿಯಲ್ಲಿ ಬಲವಾದ ಕಾರಣ ಇನ್ನೊಂದಿದೆ. ಕೈಗಿಂತ ಕಾಲ ಬೇಗ ಓಡಿತು. ರೀಡಿಗೆಂದು ರೂಪಿಸಿದ ವಿಮಾನವನ್ನು ಕಟ್ಟುವುದು ಒಂದು ಚಳಿಗಾಲದ ಕೆಲಸ. ಆ ರೀಡೋ ಒಬ್ಬ ಗುಮಾಸ್ತನಿಗೆ ತಿಂಗಳುಗಟ್ಟಲೆ ಉಳಿತಾಯ ಮಾಡಿ ಕೊಳ್ಳಬೇಕಾದ ವಸ್ತು. 1960ರ ದಶಕದ ನಡುವೆ ಕಡ್ಡಿಯನ್ನು ಎಷ್ಟು ವಾಲಿಸಿದರೆ ಚುಕ್ಕಾಣಿಯೂ ಅಷ್ಟೇ ವಾಲುವ ಹೊಸ ಯಂತ್ರ ಬಂದಿತು. ಕೆಲವೇ ವರ್ಷಗಳಲ್ಲಿ ರೀಡು ಮೂಲೆ ಸೇರಿತು. ಅದರ ಹಿಂದೆಯೇ ಹೊಸ ವಿಮಾನಗಳು ಬಂದವು. ಫಿಲ್ ಕ್ರಾಫ್ಟ್ 1967ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಕ್ವಿಕ್‌ಫ್ಲೈ ವಿಮಾನದಿಂದ. ಮೇಜಿನ ಮೇಲಿನ ಅರ್ಧ ವಿಮಾನ ಹುಟ್ಟುವ ಮೊದಲೇ ಮುದಿಯಾಯಿತು. ಅದನ್ನು ಮುಗಿಸಲು ಯಾರಿಗೆ ಮನಸ್ಸು ಬರುತ್ತದೆ?

ಇಂದು ಮುಗಿಸಹೊರಟವನು ಮೊದಲು ಮಾಡತಕ್ಕದ್ದು ಏನನ್ನೂ ಮಾಡದೆ ನೋಡುವುದು. ಹಳೆಯ ಅಂಟು ವರ್ಷಗಳಲ್ಲಿ ಬಿರುಸಾಗಿ, ಬೆರಳಲ್ಲಿ ಒತ್ತಿದರೆ ಕೀಲು ಬಿಡುತ್ತದೆ. ಒಂದೊಂದು ಸಂದಿಗೂ ಹೊಸ ಅಂಟು ಉಣಿಸಬೇಕು. ಕಾರ್ಖಾನೆಯ ಅಚ್ಚು ಮೊಂಡಾಗಿ, ಹಲಗೆಯನ್ನು ಕತ್ತರಿಸುವ ಬದಲು ಜಜ್ಜಿರುವ ಪಕ್ಕೆಲುಬುಗಳೂ ಉಂಟು. ಅವುಗಳನ್ನು ನಕ್ಷೆಯಿಂದ ತೆಗೆದು ಮತ್ತೆ ಕೊಯ್ಯುವುದೇ ಲೇಸು. ನಕ್ಷೆಯ ಕಾಗದವೂ ತೇವಕ್ಕೆ ಹಿಗ್ಗಿ ಕುಗ್ಗಿರುತ್ತದೆ. ಅದನ್ನು ನಂಬಿ ಎರಡನೆಯ ರೆಕ್ಕೆ ಕಟ್ಟಿದರೆ ಮೊದಲನೆಯದಕ್ಕೆ ಹೊಂದದೆ ಹೋಗಬಹುದು. ಆದುದರಿಂದ ಬಲ್ಲವರು ನಕ್ಷೆಯನ್ನು ಬದಿಗಿಟ್ಟು, ಹಿಂದಿನವನು ಕಟ್ಟಿದ ರೆಕ್ಕೆಯನ್ನೇ ಅಳೆಯುತ್ತಾರೆ. ಅದು ಸೊಟ್ಟಗಿದ್ದರೆ ಹಬೆ ಹಿಡಿದು, ತಿರುಚಿ, ನೇರಮಾಡುತ್ತಾರೆ. ಹಸ್ತಪ್ರತಿಯ ಸಂಪಾದಕನ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಪಾಠ ಯಾವುದು, ಲಿಪಿಕಾರನ ತಪ್ಪು ಯಾವುದು ಎಂಬ ವಿವೇಚನೆ ಇಬ್ಬರಿಗೂ ಬೇಕು.

ವಾದವೇಳುವುದು ಯಂತ್ರದ ವಿಷಯದಲ್ಲಿ. ಹಳೆಯ ರೀಡನ್ನೇ ಹುಡುಕಿ ತಂದು ಕೂರಿಸಬೇಕೆಂಬುದು ಒಂದು ಪಂಥ. ಇಂದಿನ ಹಗುರವಾದ ರೇಡಿಯೋ ಇಟ್ಟರೆ ಸಾಕೆಂಬುದು ಮತ್ತೊಂದು. ಎರಡನೆಯವರಿಗೆ ವಿಮಾನವೇ ಒಂದು ಪಾಠ ಕಲಿಸುತ್ತದೆ. ಅಂದಿನ ಬ್ಯಾಟರಿಗಳು ಭಾರ. ಆ ಭಾರವನ್ನು ಎಣಿಸಿಯೇ ವಿಮಾನವನ್ನು ರೂಪಿಸಿದ್ದರು. ಈಗಿನ ಹಗುರ ಸಾಧನ ಇಟ್ಟರೆ ಮೂತಿ ಮೇಲೆದ್ದು ಬಾಲ ಕುಸಿಯುತ್ತದೆ. ಅಂಥ ವಿಮಾನ ಹಾರಿದ ಕ್ಷಣದಲ್ಲೇ ಬೀಳುತ್ತದೆ. ಹಾಗಾಗಿ ಹೊಸತನ್ನಿಟ್ಟವನು ಮೂತಿಯಲ್ಲಿ ಸೀಸ ತುಂಬಿ ಹಳೆಯದರ ತೂಕವನ್ನು ತೀರಿಸಬೇಕಾಗುತ್ತದೆ. ನನ್ನ ಮತ ಕೇಳಿದರೆ, ಮರ, ರೇಷ್ಮೆ, ಆಕಾರ ಇವು ಛಂದಸ್ಸು, ಅದು ಕೆಡಬಾರದು. ಒಳಗಿನ ರೇಡಿಯೋ ಹಾಡುವವನ ಕಂಠ. ಅದು ಆಯಾ ಕಾಲದ್ದಾದರೆ ದೋಷವಿಲ್ಲ. ಮೈದಾನದಲ್ಲಿ ಮಕ್ಕಳು ನಿಂತಿರುವಾಗ ಅರುವತ್ತು ವರ್ಷದ ರೀಡನ್ನು ನಂಬಿ ವಿಮಾನ ಬಿಡುವುದು ಪ್ರಾಮಾಣಿಕತೆಯಲ್ಲ, ಹಟ.

ನಮ್ಮಲ್ಲಿ ಈ ಹವ್ಯಾಸ ಅಷ್ಟಾಗಿ ಹರಡಲಿಲ್ಲ. ಬೆಂಗಳೂರಿಗೆ 1940ರಲ್ಲೇ ವಿಮಾನ ಕಾರ್ಖಾನೆ ಬಂದಿತ್ತು. 1951ರ ಆಗಸ್ಟಿನಲ್ಲಿ ಎಚ್.ಟಿ.-2 ಇಲ್ಲಿಯೇ ಹಾರಿತು, ಎನ್.ಸಿ.ಸಿ.ಯ ವೈಮಾನಿಕ ದಳದ ಹುಡುಗರು ಮಾದರಿಗಳನ್ನು ಕಟ್ಟುತ್ತಲೂ ಬಂದಿದ್ದಾರೆ. ಆದರೆ ವಿದೇಶಿ ವಿನಿಮಯದ ಬಿಗಿ ಒಂದು ಕಡೆ, 1933ರ ನಿಸ್ತಂತು ಕಾಯಿದೆಯ ಪರವಾನಗಿ ಇನ್ನೊಂದು ಕಡೆ ಇದ್ದ ಆ ದಶಕಗಳಲ್ಲಿ, ಟಾರಸ್ ಪೆಟ್ಟಿಗೆಯ ಕನಸು ಕಾಣುವುದೂ ಮಧ್ಯಮ ವರ್ಗದ ಮನೆಗೆ ದುಬಾರಿಯಾಗಿತ್ತು.

ರೇಷ್ಮೆ ಹೊದಿಸುವ ಮೊದಲು, ರೆಕ್ಕೆಯ ಒಳಗಿನ ಪಟ್ಟಿಯ ಮೇಲೆ ಕಟ್ಟಿದವನು ಪೆನ್ಸಿಲಿನಿಂದ ಹೆಸರು, ತಾರೀಖು ಬರೆದಿಡುವುದುಂಟು. ಹೊದಿಕೆ ಬಿದ್ದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹಳೆಯ ರೆಕ್ಕೆಯಲ್ಲಿ ಅಂಥ ಬರಹ ಸಿಕ್ಕರೆ ಸಜ್ಜನರು ಅದನ್ನು ಅಳಿಸದೆ, ಕೆಳಗೆ ತಮ್ಮ ಹೆಸರನ್ನೂ ವರ್ಷವನ್ನೂ ಬರೆಯುತ್ತಾರೆ. ಆಮೇಲೆ ರೇಷ್ಮೆ, ಅದರ ಮೇಲೆ ವಾರ್ನಿಷು. ಒಣಗಿದ ಮೇಲೆ ನಕ್ಷೆ ತೋರಿಸಿದ ಜಾಗದಲ್ಲಿ ರೆಕ್ಕೆಗಳ ಅಡಿಗೆ ಒಂದೊಂದು ಬೆರಳು ಕೊಟ್ಟು ವಿಮಾನವನ್ನು ಎತ್ತುತ್ತಾರೆ. ಮೂತಿ ಒಂದಿಷ್ಟೇ ತಗ್ಗಿ ನಿಂತರೆ ಮೈದಾನಕ್ಕೆ ಹೊರಡಬಹುದು.