ಆಚೆ ಯಾರೂ ಇಲ್ಲದ ತಂತಿ

ಹಳೆಯ ಟರ್ಮಿನಲ್‌ಗಳ ಕಾಲದಲ್ಲಿ ಸಂಪರ್ಕ ಕಡಿದದ್ದನ್ನು ಹೇಳುವುದಕ್ಕೇ ಒಂದು ತಂತಿ ಇತ್ತು. 1960ರಲ್ಲಿ ಬಂದ ಆರ್‌ಎಸ್-232 ಎಂಬ ಸೀರಿಯಲ್ ಜೋಡಣೆಯಲ್ಲಿ ಅಕ್ಷರಗಳು ಹೋಗಿಬರುವ ತಂತಿಗಳ ಪಕ್ಕದಲ್ಲೇ ಅದೂ ಇತ್ತು. ದೂರದವರು ಫೋನಿಟ್ಟರೆ ಮೋಡೆಮ್ ಆ ತಂತಿಯ ವೋಲ್ಟೇಜ್ ಬದಲಿಸುತ್ತಿತ್ತು. ಯುನಿಕ್ಸ್ ಅದನ್ನು ನೋಡಿ ‘ಹ್ಯಾಂಗಪ್’ ಎಂಬ ಸಂಕೇತ ಕಳಿಸಿ, ಬಳಕೆದಾರನನ್ನು ಹೊರಗೆ ಹಾಕುತ್ತಿತ್ತು. ಫೋನಿಡುವ ಕಾಲ ಹೋದರೂ ಲಿನಕ್ಸ್‌ನಲ್ಲಿ ಆ ಸಂಕೇತಕ್ಕೆ ಇವತ್ತಿಗೂ ಅದೇ ಹೆಸರು.

1981ರ ಟಿಸಿಪಿ ನಿಯಮಗಳಲ್ಲಿ ಅಂಥ ತಂತಿಯಿಲ್ಲ. ಸಂಪರ್ಕವೆಂದರೆ ಅಲ್ಲಿ ಎರಡು ತುದಿಗಳ ನೆನಪು, ಅಷ್ಟೆ. ಒಂದು ತುದಿ ಹೇಳದೆ ಕೇಳದೆ ಸತ್ತರೆ, ಇನ್ನೊಂದಕ್ಕೆ ತಿಳಿಯುವುದು ಅದು ಏನನ್ನಾದರೂ ಕಳಿಸಲು ಹೋದಾಗ. ಸುಮ್ಮನೆ ಕೂತರೆ ದಿನಗಟ್ಟಲೆ ಕಾಯುತ್ತಲೇ ಇರಬಹುದು. ‘ಇದ್ದೀಯಾ?’ ಎಂದು ಆಗಾಗ ಕೇಳುವ ಕೀಪ್‌ಅಲೈವ್ ಕ್ರಮಕ್ಕೆ 1989ರ ನಿಯಮಾವಳಿ ಒಪ್ಪಿತು, ಆದರೆ ಅರೆಮನಸ್ಸಿನಿಂದ: ತಾನಾಗಿ ಚಾಲೂ ಇರಬಾರದು, ಎರಡು ಗಂಟೆಗಿಂತ ಮೊದಲು ಕೇಳುವ ಪದ್ಧತಿ ಇರಬಾರದು. ಲಿನಕ್ಸ್ ಈಗಲೂ 7200 ಸೆಕೆಂಡು ಕಾದು, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ಕೇಳಿ, ನಂತರ ಕೈಬಿಡುತ್ತದೆ.

ನಮ್ಮ ಗುತ್ತಲಕ್ಕೆ ಇಂಥ ಸಂಪರ್ಕ ಹೊಸದಲ್ಲ. ಇಲ್ಲಿಂದ ಆಳಿದ ಗುತ್ತ ಮಾಂಡಲಿಕರು 12ನೇ ಶತಮಾನದಲ್ಲಿ ತಾವು ಚಂದ್ರಗುಪ್ತನ ವಂಶದವರೆಂದು, ಉಜ್ಜಯಿನಿಯ ಒಡೆಯರೆಂದು ಬಿರುದು ಕೆತ್ತಿಸಿಕೊಂಡರು. ಗುಪ್ತರ ಆಳ್ವಿಕೆ ಮುಗಿದು ಆಗಲೇ ಸುಮಾರು ಆರು ಶತಮಾನ. ಬಿರುದಿಗೆ ಕೀಪ್‌ಅಲೈವ್ ಇರುವುದಿಲ್ಲ.

ವರ್ಚುವಲ್ ಮಷೀನ್ ಎಂದರೆ ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಕಂಪ್ಯೂಟರ್. ಅದರ ನೆಟ್‌ವರ್ಕ್ ಕೆಟ್ಟಾಗ ಒಳಹೋಗಲು ಸೀರಿಯಲ್ ಕನ್ಸೋಲ್ ಹಿತ್ತಿಲ ಬಾಗಿಲು. ಕ್ಯೂಇಎಂಯು ಎಂಬ ಸಾಫ್ಟ್‌ವೇರ್‌ನಲ್ಲಿ ಆ ಬಾಗಿಲನ್ನೇ ಟಿಸಿಪಿಯ ಮೂಲಕ ಹೊರಗೆ ಕೊಡಬಹುದು. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ.

ಒಂದು ಮಳೆಗಾಲದ ಸಂಜೆ, ತಿಂಗಳ ಸಂಬಳದ ಲೆಕ್ಕ ಹಾಕುವ ಮಷೀನು ನೆಟ್‌ವರ್ಕ್ ಕಳೆದುಕೊಂಡಿತ್ತು. ನಾನು ಮನೆಯಿಂದ ಕನ್ಸೋಲ್ ಹಿಡಿದು ರಿಪೇರಿಗೆ ಕೂತಿದ್ದಾಗ ಕರೆಂಟು ಹೋಯಿತು, ರೂಟರ್ ಆರಿತು. ಮೊಬೈಲಿನಿಂದ ಮತ್ತೆ ಹೋದರೆ ಬಾಗಿಲು ತೆರೆಯಲಿಲ್ಲ. ಒಳಗೆ ಯಾರೋ ಇದ್ದಾರೆ! ಆ ಯಾರೋ ಐದು ನಿಮಿಷದ ಹಿಂದಿನ ನಾನೇ. ಬೆಳಗಾದರೆ ಸಂಬಳದ ದಿನ. ಆತಿಥೇಯ ಕಂಪ್ಯೂಟರಿಗೆ ಬೇರೆ ದಾರಿಯಿಂದ ಹೋಗಿ ಹಳೆಯ ಸಂಪರ್ಕ ಕಡಿದೆ. ಕಡಿಯುವ ಮೊದಲು ಸಹೋದ್ಯೋಗಿಗಳಿಗೆಲ್ಲ ಫೋನ್ ಮಾಡಿದೆ. ಸತ್ತ ಸಂಪರ್ಕವೂ, ಸದ್ದಿಲ್ಲದೆ ಪರದೆ ಓದುತ್ತ ಕೂತ ಮನುಷ್ಯನೂ ಮಷೀನಿಗೆ ಒಂದೇ ಥರ ಕಾಣುತ್ತಾರೆ.

ಆಮೇಲೆ ಕೀಪ್‌ಅಲೈವ್ ಅವಧಿಯನ್ನು 60 ಸೆಕೆಂಡಿಗೆ ಇಳಿಸಿದೆವು. ಕನ್ಸೋಲಿಗೆ ಎರಡು ಗಂಟೆಯ ತಾಳ್ಮೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ವಿಷಯ ನನ್ನನ್ನು ಹೆಚ್ಚು ಹೆದರಿಸಿತು. ಮರಳಿ ಸಿಕ್ಕ ಕನ್ಸೋಲು ಪಾಸ್‌ವರ್ಡ್ ಕೇಳಲೇ ಇಲ್ಲ. ನಾನು ಬಿಟ್ಟಲ್ಲೇ, ಸರ್ವಾಧಿಕಾರದ ರೂಟ್ ಶೆಲ್ ತೆರೆದೇ ಇತ್ತು. ಹೊರಗಿನ ಸಂಪರ್ಕ ಹೋದದ್ದು ಒಳಗಿನ ಮಷೀನಿಗೆ ಗೊತ್ತೇ ಆಗಿರಲಿಲ್ಲ, ಹೇಳುವ ತಂತಿ ಇಲ್ಲವಲ್ಲ. ನನಗಿಂತ ಮೊದಲು ಬೇರೆ ಯಾರು ಬಂದಿದ್ದರೂ ಆ ಶೆಲ್ ಅವರದಾಗುತ್ತಿತ್ತು. ಈಗ ಐದು ನಿಮಿಷ ಕೀಲಿ ಮುಟ್ಟದಿದ್ದರೆ ಶೆಲ್ ತಾನಾಗಿ ಮುಚ್ಚುವಂತೆ ಎಲ್ಲ ಮಷೀನುಗಳಲ್ಲೂ ಒಂದು ಸಾಲು ಬರೆದಿಟ್ಟಿದ್ದೇವೆ.