ಎಳವೆಯ ಮೇವು ಮತ್ತು ರುಚಿಯ ಒಲವು: ರೇಷ್ಮೆಹುಳು

ಎಳವೆಯ ಮೇವು ಪ್ರಾಣಿಯ ಮುಂದಿನ ರುಚಿಯನ್ನು ರೂಪಿಸುತ್ತದೆ ಎಂಬುದಕ್ಕೆ ಮೈಸೂರು ಸೀಮೆಯ ರೇಷ್ಮೆಹುಳುವಿಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಚಾಕಿ ಹುಳುಗಳಿಗೆಂದೇ, ಅಂದರೆ ಎಳೆಯ ಹುಳುಗಳಿಗೆಂದೇ, ಕೃತಕ ಆಹಾರವೊಂದನ್ನು ರೂಪಿಸಿದೆ. ಇಂಥ ಆಹಾರವನ್ನು ಮೊಟ್ಟೆಯೊಡೆದ ಕೂಡಲೇ, ಮೊದಲ ಮೇವಾಗಿಯೇ ಕೊಡಬೇಕು. ಹಿಪ್ಪುನೇರಳೆ ಸೊಪ್ಪಿನ ರುಚಿ ಕಂಡ ಹುಳು ಆಮೇಲೆ ಈ ಆಹಾರಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಕೃತಕ ಆಹಾರದಲ್ಲೇ ಬೆಳೆದದ್ದಾದರೋ ಎರಡನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಸೊಪ್ಪನ್ನು ಒಪ್ಪಿಕೊಳ್ಳುತ್ತದೆ.

ಸೊಪ್ಪಿನ ಒಲವು ಹುಟ್ಟುಗುಣವಷ್ಟೇ, ಅನುಭವಕ್ಕೆ ಇಲ್ಲೇನು ಪಾತ್ರ ಎಂದು ಕೇಳಬಹುದು. ಪ್ರಶ್ನೆ ಗಟ್ಟಿಯಾದದ್ದೇ: ಜಿಆರ್66 ಎಂಬ ರುಚಿಗ್ರಾಹಕ ಜೀನನ್ನು ಕೆಡಿಸಿದಾಗ ರೇಷ್ಮೆಹುಳು ಸೇಬನ್ನೂ ಬೇರೆ ಗಿಡಗಳ ಎಲೆಯನ್ನೂ ತಿಂದಿತೆಂದು 2019ರಲ್ಲಿ ವರದಿಯಾಯಿತು. ಆದರೆ ಜೀನು ಹಾಕುವುದು ಎಲ್ಲೆಯನ್ನು ಮಾತ್ರ. ಒಂದೇ ತಳಿಯ ಹುಳುಗಳು ಮೊದಲ ಮೇವಿಗೆ ತಕ್ಕಂತೆ ಬೇರೆಬೇರೆಯಾಗಿ ವರ್ತಿಸುವುದನ್ನು ಅದು ವಿವರಿಸಲಾರದು. ಒಗ್ಗದವು ಸತ್ತು ಒಗ್ಗಿದವಷ್ಟೇ ಉಳಿದದ್ದರಿಂದ ಹೀಗೆ ಕಾಣುತ್ತದೆ ಎಂಬ ಇನ್ನೊಂದು ಆಕ್ಷೇಪವೂ ಪೂರ್ತಿ ನಿಲ್ಲುವುದಿಲ್ಲ. 1968ರಲ್ಲಿ ಜೆರ್ಮಿ, ಹ್ಯಾನ್ಸನ್ ಮತ್ತು ಡೆಥಿಯರ್ ಎಂಬ ಸಂಶೋಧಕರು ತಂಬಾಕು ಗಿಡದ ಕಂಬಳಿಹುಳುವೂ ಸೇರಿ ಎರಡು ಜಾತಿಗಳಲ್ಲಿ, ತಿಂದ ಗಿಡದ ಕಡೆಗೇ ಒಲವು ವಾಲುವುದನ್ನು ಆಯ್ಕೆಯ ಪ್ರಯೋಗಗಳಿಂದ ತೋರಿಸಿದರು.