ಕೊಳಾಯಿ ಸೋರಿಕೆಯ ದುರಸ್ತಿ

ಗೃಹಗಳಲ್ಲಿ ನೀರನ್ನೊಯ್ಯುವ ಕೊಳವೆಗಳ ಸೋರುವಿಕೆಯನ್ನು ನಿವಾರಿಸುವ ಕಾರ್ಯ. ಸಮಸ್ತ ನಲ್ಲಿಗಳನ್ನೂ ಮುಚ್ಚಿದ ಬಳಿಕವೂ ಮೀಟರಿನ ಮುಳ್ಳು ಚಲಿಸುತ್ತಿದ್ದರೆ, ಗೋಡೆಯೊಳಗೋ ನೆಲದಡಿಯಲ್ಲೋ ಗುಪ್ತವಾದ ಸೋರಿಕೆಯುಂಟೆಂದು ಊಹಿಸಬಹುದು. ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಗಳಲ್ಲಿ, ತಿರುಪು ಕೊರೆದೆಡೆ ಲೇಪವು ಹರಿದು ಮೊದಲು ತುಕ್ಕಿಗೀಡಾಗುವುದು ಕೀಲುಗಳೇ ಆದುದರಿಂದ, ಹಿಂದಿನ ಕುಶಲಕರ್ಮಿಗಳು ಅವಕ್ಕೆ ಸೆಣಬಿನ ನಾರನ್ನು ಸುತ್ತಿ ಸಫೇದವನ್ನು ಬಳಿಯುತ್ತಿದ್ದರು. ಆದರೆ ಸೀಸದ ಸಂಯುಕ್ತವಾದ ಬಿಳಿಯ ಸಫೇದವು ವಿಷಕರವಾದುದರಿಂದ ಕುಡಿಯುವ ನೀರಿನ ಮಾರ್ಗದಲ್ಲಿ ಅದು ಸರ್ವಥಾ ವರ್ಜ್ಯ. ಈಗ ಬಳಸುವ ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿಗನುಸಾರವಾಗಿಯೇ ಸುತ್ತತಕ್ಕದ್ದು. ವಿರುದ್ಧ ದಿಕ್ಕಿನಲ್ಲಿ ಸುತ್ತಿದಲ್ಲಿ ಬಿಗಿಯುವಾಗಲೇ ಅದು ಬಿಚ್ಚಿಕೊಳ್ಳುವುದು. ಬಿರುಕಿನ ಮೇಲೆ ಎಪಾಕ್ಸಿ ಅಂಟನ್ನು ಮೆತ್ತುವುದು ತಾತ್ಕಾಲಿಕ ಉಪಶಮನವೇ ಹೊರತು ದುರಸ್ತಿಯೆನಿಸದು. ಸೀಳಿದ ಪಿವಿಸಿ ಕೊಳವೆಯ ಭಾಗವನ್ನು ಕತ್ತರಿಸಿ ತೆಗೆದು, ತುದಿಗಳನ್ನು ಚೆನ್ನಾಗಿ ಒಣಗಿಸಿ, ಹೊಸ ತುಂಡನ್ನು ಕಪ್ಲಿಂಗ್‌ಗಳೊಡನೆ ಸಾಲ್ವೆಂಟ್ ಸಿಮೆಂಟಿನಿಂದ ಬೆಸೆಯುವರು. ಬೆಸುಗೆ ಗಟ್ಟಿಯಾಗುವವರೆಗೂ ನೀರನ್ನು ಹರಿಯಬಿಡಲಾಗದು.